ಪುಟ್ಟ ಕಾರಿಗೆ ಅಕ್ರಿಲಿಕ್ ವಾಶ್: ವಿಜಯಪುರದ ಬಿಸಿಲಲ್ಲಿ ಬರೆದ ಟಿಪ್ಪಣಿ

ಭಾನುವಾರ ಬೆಳಿಗ್ಗೆ ನಾವು ಮೂವರು ಗೆಳೆಯರು ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಸೇರುತ್ತೇವೆ. ಮಾಡೆಲ್ ಕಾರಿಗೆ ಬಣ್ಣ ಹಚ್ಚುವುದನ್ನು ಕಲಿಯುತ್ತಿದ್ದೇವೆ. ಅಲ್ಲಿ ವಹಿಯಲ್ಲಿ ಗೀಚಿದ್ದನ್ನೇ ತಿದ್ದಿ ಇಲ್ಲಿ ಬರೆದಿದ್ದೇನೆ, ಈಗಷ್ಟೇ ಬ್ರಶ್ ಹಿಡಿದವರಿಗಾಗಿ.

ನನ್ನ ಮೊದಲ ಕಾರು 1:43 ಅಳತೆಯ (ಅಂದರೆ ನಿಜವಾದ ಕಾರಿನ 43ರಲ್ಲಿ ಒಂದು ಪಾಲು) ಬಿಳಿ ಅಂಬಾಸಿಡರ್. ಪುಟ್ಟ ಗೊಂಬೆಗಳಿಗೆಂದೇ ಬರುವ ಮಿನಿಯೇಚರ್ ಪೇಂಟಿನ ಮ್ಯಾಟ್ (ಹೊಳಪಿಲ್ಲದ) ಬಿಳಿ ಹಚ್ಚಿದೆ. ಆಮೇಲೆ ಸೈನಿಕರ ಗೊಂಬೆಗಳಿಗೆ ಮಾಡುವ ಹಾಗೆ ಮೈತುಂಬ ಕಪ್ಪು ವಾಶ್ ಸುರಿದೆ. ಗೊಂಬೆಗೆ ಅದು ಚೆಂದ. ಬಟ್ಟೆಯ ಮಡಿಕೆ, ಬೆರಳ ಸಂದಿಯಲ್ಲಿ ಕಪ್ಪು ಕೂತು ನೆರಳು ಮೂಡುತ್ತದೆ. ಕಾರಿಗೆ ಎಲ್ಲಿದೆ ಮಡಿಕೆ? ನನ್ನ ಅಂಬಾಸಿಡರ್ ಕಟ್ಟಿಗೆ ಒಲೆ ಮೇಲಿಂದ ಇಳಿಸಿದ ಪಾತ್ರೆಯಂತಾಯಿತು. ಸಾಲದ್ದಕ್ಕೆ ಬಾನೆಟ್ ಮೇಲೆ ಉಂಗುರಗಳು. ಮಸಿ ಯಾಕೆ ಹಿಡಿಯಿತು, ಉಂಗುರ ಎಲ್ಲಿಂದ ಬಂತು? ಈ ಎರಡನ್ನು ಹುಡುಕುತ್ತ ಹೋದಾಗಲೇ ವಾಶ್ ಅರ್ಥವಾಯಿತು.

ವಾಶ್ ಎಂದರೆ ತುಂಬ ತೆಳು ಬಣ್ಣ. ಸ್ವಲ್ಪ ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಕ್ರಿಲಿಕ್ ಅಂಟು, ನೀರು. ಜೊತೆಗೆ ನೀರು ಗುಂಡಗೆ ಹನಿಗಟ್ಟದೆ ಹರಿಯಲಿ ಅಂತ ಸೇರಿಸಿದ ಒಂದು ದ್ರವ. ಈ ಕೊನೆಯದರಲ್ಲೇ ಗುಟ್ಟಿದೆ. ಮಾಮೂಲಿ ಬಣ್ಣಕ್ಕೆ ನೀರು ಸುರಿದು ಮನೆಯಲ್ಲೇ ವಾಶ್ ಮಾಡಿದರೆ ಅದು ಹೊಳೆಯುವ ಕಾರಿನ ಮೇಲೆ ಕೆಸುವಿನ ಎಲೆ ಮೇಲಿನ ಹನಿಯಂತೆ ಮುದ್ದೆಯಾಗಿ ನಿಲ್ಲುತ್ತದೆ. ನೀರು ಜಾಸ್ತಿಯಾದರೆ ಅಂಟಿನ ಹಿಡಿತವೂ ಸಡಿಲವಾಗುತ್ತದೆ, ಒಣಗಿದ ಮೇಲೆ ಬೆರಳು ತಾಗಿದರೂ ಪುಡಿ ಏಳುತ್ತದೆ. ಆದ್ದರಿಂದ ಅಕ್ರಿಲಿಕ್ ಮೀಡಿಯಮ್ (ಬಣ್ಣವಿಲ್ಲದ ಅಂಟು) ಮತ್ತು ಒಂದೇ ಒಂದು ಹನಿ ಫ್ಲೋ ಇಂಪ್ರೂವರ್ (ಆ ಹರಿಸುವ ದ್ರವ) ಬೆರೆಸಿ. ಇಲ್ಲದಿದ್ದರೆ ಸಿದ್ಧ ಬಾಟಲಿಯೇ ಸಲೀಸು. ಗೊಂಬೆ ಬಣ್ಣದ ಬ್ರ್ಯಾಂಡ್ ಸಿಟಾಡೆಲ್‌ನವರು ಇದಕ್ಕೆ ‘ಶೇಡ್’ ಎನ್ನುತ್ತಾರೆ. ಅವರ ನಲ್ನ್ ಆಯಿಲ್ ಕಪ್ಪು, ಅಗ್ರ್ಯಾಕ್ಸ್ ಅರ್ಥ್‌ಶೇಡ್ ಕಂದು. ಹೆಸರಲ್ಲಿ ಆಯಿಲ್ ಇದ್ದರೂ ಅದರಲ್ಲಿ ಎಣ್ಣೆ ಇಲ್ಲ, ನೀರಿನ ಬಣ್ಣವೇ. ಸ್ಪೇನಿನ ವಲ್ಲೆಹೊ ಕಂಪನಿಯದ್ದು ‘ಮಾಡೆಲ್ ವಾಶ್’ ಅಂತ ಬೇರೆಯೇ ಸಾಲು.

ಈಗ ಮಸಿಯ ವಿಷಯ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದಲ್ಲ, ಬಾಗಿಲ ಸಂದಿಯೂ ವಾಶನ್ನು ಹಾಗೇ ಎಳೆದುಕೊಳ್ಳುತ್ತದೆ. ಸಂದಿ ಕಿರಿದಾದಷ್ಟು ಎಳೆತ ಜೋರು. ಆದರೆ ಮ್ಯಾಟ್ ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳಿಂದಲೇ ತುಂಬಿರುತ್ತದೆ. ಅಲ್ಲಿ ಎಲ್ಲ ಕಡೆಯೂ ಸಂದಿಯೇ! ಸುಣ್ಣದ ಗೋಡೆಗೆ ಚಹಾ ಸಿಡಿದರೆ ಏನಾಗುತ್ತದೆ? ಅದೇ ಆಗುತ್ತದೆ. ಹೊಳಪಿನ ಮೇಲ್ಮೈ ಟೈಲ್ಸ್ ಇದ್ದ ಹಾಗೆ. ವಾಶ್ ಅಲ್ಲಿ ಕೂರದೆ ಬಾಗಿಲ ಸಂದಿಯ ಗೆರೆಗೆ ಓಡುತ್ತದೆ, ಮಿಕ್ಕಿದ್ದನ್ನು ಒರೆಸಬಹುದು. ಆದ್ದರಿಂದ ಕಾರಿನ ಮೈಗೆ ಮೊದಲು ಪ್ರೈಮರ್ (ಬಣ್ಣ ಹಿಡಿಯಲೆಂದು ಹಚ್ಚುವ ಅಡಿ ಪದರ), ಆಮೇಲೆ ಬಣ್ಣ, ಅದರ ಮೇಲೆ ಗ್ಲಾಸಿ ವಾರ್ನಿಶ್, ಕೊನೆಗೆ ವಾಶ್. ಬಾಡಿ ಬಣ್ಣವನ್ನು ಸ್ಪ್ರೇಯಲ್ಲೇ ಹೊಡೆಯಿರಿ ಅಂತ ನನ್ನ ಸಲಹೆ. ಮಿನಿಯೇಚರ್ ಪೇಂಟ್ ಬಹುಪಾಲು ಮ್ಯಾಟ್, ದೊಡ್ಡ ಬಯಲಿನಂಥ ಬಾನೆಟ್ ಮೇಲೆ ಬ್ರಶ್ಶಿನ ಗೆರೆ ಎದ್ದು ಕಾಣುತ್ತದೆ. ಆ ಬಾಟಲಿಗಳ ನಿಜವಾದ ಜಾಗ ಕಾರಿನ ಒಳಗೆ: ಸೀಟು, ಡ್ಯಾಶ್‌ಬೋರ್ಡ್, ಇಂಜಿನ್.

ವಾರ್ನಿಶ್ ಒಂದು ರಾತ್ರಿಯಾದರೂ ಒಣಗಲಿ. ನಮ್ಮ ಓಣಿಯಲ್ಲಿ ಡೆಂಟಿಂಗ್, ಪೇಂಟಿಂಗ್ ಮಾಡುವ ಕಾಕಾ ನನ್ನ ಪುಟ್ಟ ಕಾರನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ: “ಮ್ಯಾಲ ಒಣಗಿದ್ರ ಸಾಲಂಗಿಲ್ಲ ತಮ್ಮಾ, ಒಳಗೂ ಒಣಗಬೇಕು.” ಅವರು ಹಚ್ಚುವುದು ಬೇರೆ ಬಣ್ಣ, ಮಾತು ಮಾತ್ರ ನಮಗೂ ಸರಿ.

ಉಂಗುರಕ್ಕೆ ಎರಡು ಕಾರಣ ಸಿಕ್ಕವು. ಒಂದು, ಹನಿ ಒಣಗುವ ರೀತಿ. ಹನಿಯ ಅಂಚು ನಡುವಿಗಿಂತ ಬೇಗ ಆರುತ್ತದೆ. ಆರಿದಲ್ಲಿಗೆ ನಡುವಿನ ನೀರು ಹರಿದು ಬರುತ್ತದೆ, ಬರುವಾಗ ಬಣ್ಣದ ಪುಡಿಯನ್ನೂ ಹೊತ್ತು ತರುತ್ತದೆ. ಕಾಗದದ ಮೇಲೆ ಚಹಾ ಕಲೆಯ ಅಂಚು ಗಾಢವಾಗಿರುವುದೂ ಇದಕ್ಕೇ. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಣಗಿದ ಕಾಫಿ ಹನಿಯ ಮೇಲೆ ಇದನ್ನು ವಿವರಿಸಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ನಾವು ಚಹಾದವರು, ಆದರೂ ‘ಕಾಫಿ ರಿಂಗ್’ ಎಂಬ ಹೆಸರೇ ಇರಲಿ. ನಮ್ಮೂರಲ್ಲಿ ಏಪ್ರಿಲ್ ಬಿಸಿಲು 40 ಡಿಗ್ರಿ ಹತ್ತಿರ ಹೋದಾಗ, ತಲೆ ಮೇಲೆ ಫ್ಯಾನೂ ತಿರುಗುತ್ತಿದ್ದರೆ, ವಾಶ್ ಗೆರೆ ಸೇರುವ ಮೊದಲೇ ಅಂಚು ಕಟ್ಟಿಬಿಡುತ್ತದೆ. ಈಗ ನಾವು ಬೆಳಿಗ್ಗೆ ಎಂಟರೊಳಗೆ ಕೂರುತ್ತೇವೆ. ಫ್ಯಾನ್ ಬಂದ್.

ಇನ್ನೊಂದು ಕಾರಣ ನಮ್ಮ ಬೋರ್‌ವೆಲ್. ಸವಳು ನೀರು. ಬಕೆಟ್ ಅಂಚಿಗೆ ಬಿಳಿ ಪದರ ಕಟ್ಟುವ ನೀರು ಬಾನೆಟ್ ಮೇಲೆ ಕಟ್ಟದೆ ಬಿಟ್ಟೀತೇ? ಬಣ್ಣ ತೆಳು ಮಾಡಲು ಈಗ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸುತ್ತೇವೆ. ಕ್ಯಾನಿನ ಚೀಟಿ ಓದಿ ತನ್ನಿ, ಬ್ಯಾಟರಿ ಆಸಿಡ್ ಬೇರೆ ವಸ್ತು. ಬ್ರಶ್ ತೊಳೆಯಲು ಬೋರ್ ನೀರೇ ಸಾಕು.

ಹಚ್ಚುವ ಕೆಲಸ ಸಣ್ಣದು. ಮೊನೆ ಚೂಪಾಗಿರುವ 0 ಅಥವಾ 1 ನಂಬರ್ ಬ್ರಶ್ ಸಾಕು. ತೀರಾ ಸಣ್ಣದಾದರೆ ಕಾರಿಗೆ ಮುಟ್ಟುವ ಮೊದಲೇ ತುದಿ ಒಣಗುತ್ತದೆ. ಗೆರೆಯ ಒಂದು ತುದಿಗೆ ಸುಮ್ನೆ ತಾಗಿಸಿ, ಎಳೆಯಬೇಡಿ. ವಾಶ್ ತಾನೇ ಓಡುವುದನ್ನು ನೋಡುವುದೇ ಒಂದು ಖುಷಿ. ಎಲ್ಲಾದರೂ ಜಾಸ್ತಿ ನಿಂತರೆ ಸ್ವಚ್ಛವಾದ ಒಣ ಬ್ರಶ್ ಇಟ್ಟು ಹೀರಿಸಿ. ಅಕ್ರಿಲಿಕ್ ಒಮ್ಮೆ ಒಣಗಿದರೆ ನೀರಿಗೆ ಬಗ್ಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಬಗ್ಗುತ್ತದೆ, ಆದರೆ ಅದು ಕೆಳಗಿನ ಅಕ್ರಿಲಿಕ್ ಬಣ್ಣವನ್ನೂ ಕಿತ್ತು ತರಬಹುದು.

ವಾಶಿನ ಬಣ್ಣ ಆರಿಸುವಾಗ ಸ್ವಲ್ಪ ಲೆಕ್ಕ ಹಾಕಿ. ನಿಜವಾದ ಕಾರಿನ ಬಾಗಿಲ ಸಂದಿ 5 ಮಿ.ಮೀ. ಎಂದಿಟ್ಟುಕೊಳ್ಳಿ. 1:24ರಲ್ಲಿ ಅದು 0.2 ಮಿ.ಮೀ., 1:43ರಲ್ಲಿ ಸುಮಾರು 0.12, 1:64ರಲ್ಲಿ ಸುಮಾರು 0.08. ಅಷ್ಟು ಸಣ್ಣ ಗೆರೆಯನ್ನು ಅಚ್ಚಿನಲ್ಲಿ ತೆಗೆಯುವುದು ಕಷ್ಟ, ಹಾಗಾಗಿ ಪುಟ್ಟ ಕಾರುಗಳಲ್ಲಿ ಅದು ಅಗಲವಾಗಿಯೇ ಇರುತ್ತದೆ. ಅದಕ್ಕೆ ಅಚ್ಚ ಕಪ್ಪು ತುಂಬಿದರೆ ಬಾಗಿಲು ಸರಿಯಾಗಿ ಹಾಕಿಲ್ಲವೇನೋ ಅನ್ನಿಸುತ್ತದೆ. ಬಿಳಿ ಕಾರಿಗೆ ತಿಳಿ ಬೂದು, ಕೆಂಪಿಗೆ ಗಾಢ ಕಂದು, ಹಳದಿಗೆ ಕಿತ್ತಳೆ ಬೆರೆತ ಕಂದು. ಕಪ್ಪು ಕಾರಿನ ಗೆರೆಯನ್ನು ನಾನು ಮುಟ್ಟುವುದೇ ಇಲ್ಲ. ಅಚ್ಚ ಕಪ್ಪು ಬೇಕಾಗುವುದು ಮುಂದಿನ ಗ್ರಿಲ್ಲಿಗೆ, ಚಕ್ರದ ಕಡ್ಡಿಗಳ ನಡುವೆ. ಅಲ್ಲಿ ನಿಜಕ್ಕೂ ಆಳವಿದೆ, ಅಲ್ವಾ? ಹೊಸಬರು ಗ್ರಿಲ್ಲಿನಿಂದಲೇ ಶುರು ಮಾಡಿ, ಒಂದೇ ಹನಿಗೆ ಜೀವ ಬರುತ್ತದೆ.

ಜಪಾನಿನ ಟಾಮಿಯಾ ಕಂಪನಿಯ ಎಕ್ಸ್, ಎಕ್ಸ್‌ಎಫ್ ಬಾಟಲಿಗಳೂ ಅಕ್ರಿಲಿಕ್ಕೇ. ಆದರೆ ಅವುಗಳ ಥಿನ್ನರ್‌ನಲ್ಲಿ ಆಲ್ಕೋಹಾಲ್ ಇದೆ. ಅದನ್ನು ವಲ್ಲೆಹೊ ಬಣ್ಣಕ್ಕೆ ಹಾಕಿದರೆ ಒಡೆದ ಹಾಲಿನ ಹಾಗೆ ಗಂಟುಗಟ್ಟುತ್ತದೆ. ಗೆರೆ ತುಂಬಲೆಂದೇ ಇರುವ ಟಾಮಿಯಾದ ಪ್ಯಾನಲ್ ಲೈನ್ ಬಾಟಲಿಯಂತೂ ಎನಾಮೆಲ್, ನೀರಿನ ಬಣ್ಣವಲ್ಲ. ಬರಿಯ ಪ್ಲಾಸ್ಟಿಕ್ ಸಂದಿಗೆ ಅದು ಇಳಿದರೆ ಬಿರುಕು ಬಿಡುವ ಅಪಾಯವಿದೆ.

ಧೂಳಿನ ಬಗ್ಗೆ ನಾವು ಮೂವರೂ ಜಗಳವಾಡಿದೆವು. ಒಬ್ಬ ಅಂತರ್ಜಾಲದ ಚಿತ್ರ ನೋಡಿ ಕೆಂಪು ಕಂದು ಹಚ್ಚಿ ತಂದ. ಅದು ಬೆಳಗಾವಿ, ಖಾನಾಪುರ ಕಡೆಯ ಮಣ್ಣು. ನಮ್ಮದು ಎರಿ ಭೂಮಿ. ಹಸಿಯಿದ್ದಾಗ ಕಪ್ಪು, ಒಣಗಿ ಗಾಡಿಗೆ ಮೆತ್ತಿದಾಗ ಬೂದು ಕಂದು. ರಸ್ತೆಗಿಳಿದು ನಿಂತಿದ್ದ ಜೀಪಿನ ಮಡ್‌ಗಾರ್ಡ್ ನೋಡಿದ ಮೇಲೆ ಜಗಳ ಮುಗಿಯಿತು. ಬೂದು ಮತ್ತು ಕಂದು ವಾಶ್ ಬೆರೆಸಿ ಬಾಗಿಲ ಕೆಳಗೆ, ಚಕ್ರದ ಹಿಂದೆ ಮಾತ್ರ ಹಚ್ಚಿದೆವು. ಅಲ್ಲಿಗೆ ಮೊದಲೇ ಮ್ಯಾಟ್ ವಾರ್ನಿಶ್ ಕೊಟ್ಟಿದ್ದೆವು. ಗೆರೆಗೆ ಬೇಡವಾಗಿದ್ದ ಆ ಹರಡುವ ಗುಣವೇ ಧೂಳಿಗೆ ಬೇಕು.

ಆ ಮಸಿ ಹಿಡಿದ ಅಂಬಾಸಿಡರ್ ಇನ್ನೂ ನನ್ನ ಮೇಜಿನ ಮೇಲಿದೆ. ಹೊಸ ಬಾಟಲಿ ಬಂದರೆ ಮೊದಲ ಹನಿ ಅದರ ಡಿಕ್ಕಿ ಮೇಲೆ ಬೀಳುತ್ತದೆ.