ಅನುಮಾನ ಪ್ರಮಾಣ: ಹೊಗೆಯಿಂದ ಬೆಂಕಿಗೆ ಹೋಗಬಹುದು, ವಾಪಸ್ ಬರುವ ಹಾಗಿಲ್ಲ

ಪ್ರಮಾಣ ಅಂದರೆ ಸರಿಯಾದ ಅರಿವು ಸಿಗುವ ದಾರಿ. ಯಾರಿಗೆ ಎಷ್ಟು ಅನ್ನುವುದನ್ನು ಸುಮ್ನೆ ಬಾಯಿಪಾಠ ಮಾಡಿ: ಚಾರ್ವಾಕರಿಗೆ ಪ್ರತ್ಯಕ್ಷ (ಇಂದ್ರಿಯಗಳಿಂದ ನೇರವಾಗಿ ತಿಳಿದದ್ದು) ಒಂದೇ. ಬೌದ್ಧರು ಅದಕ್ಕೆ ಅನುಮಾನ ಸೇರಿಸುತ್ತಾರೆ (ಇಲ್ಲಿ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು), ಸಾಂಖ್ಯರು ಶಬ್ದವನ್ನೂ (ನಂಬಬಹುದಾದವರ ಮಾತು), ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಉಪಮಾನವನ್ನೂ (ಹೋಲಿಕೆಯಿಂದ ತಿಳಿಯುವುದು). ಅದ್ವೈತಿಗಳಿಗೆ ಒಟ್ಟು 6. ನಮ್ಮ ಬೇಲೂರಿನ ಶಾಸನದ 'ಯಂ ಶೈವಾಃ' ಶ್ಲೋಕದಲ್ಲಿ ನೈಯಾಯಿಕರಿಗೆ 'ಪ್ರಮಾಣಪಟವಃ' (ಪ್ರಮಾಣದಲ್ಲಿ ನಿಪುಣರು) ಎಂಬ ಬಿರುದೇ ಇದೆ. ಹಾಗಾಗಿ ಅನುಮಾನವನ್ನು ಅವರಿಂದಲೇ ಕಲಿಯೋಣ.

ಮುಳ್ಳಯ್ಯನಗಿರಿ ಕಡೆ ಹೊಗೆ ಕಾಣಿಸಿತು ಎಂದುಕೊಳ್ಳಿ. 'ಬೆಟ್ಟದಲ್ಲಿ ಬೆಂಕಿ ಇದೆ, ಯಾಕಂದ್ರೆ ಹೊಗೆ ಇದೆ.' ಎಲ್ಲಿ? ಬೆಟ್ಟದಲ್ಲಿ, ಅದು ಪಕ್ಷ. ಏನು? ಬೆಂಕಿ, ಅದು ಸಾಧ್ಯ. ಯಾಕೆ? ಹೊಗೆ, ಅದು ಹೇತು. ಎಲ್ಲಿ-ಏನು-ಯಾಕೆ: ಇಷ್ಟು ನೆನಪಿದ್ದರೆ ಯಾವ ಉದಾಹರಣೆ ಕೊಟ್ಟರೂ ಬಿಡಿಸಬಹುದು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವ (ಅನುಮಾನವನ್ನು ಮಾತಿನಲ್ಲಿ ಮಂಡಿಸುವ ಹೆಜ್ಜೆಗಳು) ನಿಮ್ಮ ಪಠ್ಯಪುಸ್ತಕದಲ್ಲೇ ಚೆನ್ನಾಗಿವೆ.

ತೊಡಕು ಇರುವುದು ವ್ಯಾಪ್ತಿಯಲ್ಲಿ, ಅಂದರೆ ಹೇತು ಇದ್ದಲ್ಲೆಲ್ಲ ಸಾಧ್ಯ ಇದ್ದೇ ಇರುತ್ತದೆ ಎಂಬ ನಂಟಿನಲ್ಲಿ. ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ. ಇದನ್ನು ತಿರುಗಿಸಿ 'ಬೆಂಕಿ ಇರುವಲ್ಲೆಲ್ಲ ಹೊಗೆ' ಅಂದರೆ ಕೆಟ್ಟಿತು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿದೆ? ಬೆಂಕಿ ಹೊಗೆಯಾಡಬೇಕಾದರೆ ಹಸಿ ಸೌದೆ ಬೇಕು. ಈ ಹೆಚ್ಚುವರಿ ಷರತ್ತೇ ಉಪಾಧಿ. ಮಳೆಗಾಲದಲ್ಲಿ ಹಂಡೆ ಒಲೆ ಊದಿದವರಿಗೆ ಉಪಾಧಿಯನ್ನು ವಿವರಿಸಬೇಕಿಲ್ಲ, ಅಲ್ವಾ?

ಆದರೆ 'ಇಲ್ಲ' ಸೇರಿಸಿದಾಗ ಮಾತ್ರ ತಿರುಗಿಸಲೇಬೇಕು. ಇಲ್ಲೇ ತಲೆ ಕೆಡುವುದು. ನಿಧಾನವಾಗಿ ನೋಡಿ. 'ಹೊಗೆ ಇಲ್ಲದಲ್ಲಿ ಬೆಂಕಿ ಇಲ್ಲ' ಸುಳ್ಳು, ಅದೇ ಕಬ್ಬಿಣದ ಗುಂಡು ಅಡ್ಡ ಬರುತ್ತದೆ. 'ಬೆಂಕಿ ಇಲ್ಲದಲ್ಲಿ ಹೊಗೆ ಇಲ್ಲ' ನಿಜ, ಅಯ್ಯನಕೆರೆಯ ನೀರಿನಲ್ಲಿ ಎರಡೂ ಇಲ್ಲ. ಗೊಂದಲವಾದರೆ ಎರಡು ವೃತ್ತ ಬರೆಯಿರಿ. ದೊಡ್ಡದು ಬೆಂಕಿ, ಅದರೊಳಗೆ ಚಿಕ್ಕದು ಹೊಗೆ. ಚಿಕ್ಕದರಲ್ಲಿ ಇದ್ದರೆ ದೊಡ್ಡದರಲ್ಲೂ ಇದ್ದಂತೆ. ದೊಡ್ಡದರಿಂದಲೇ ಹೊರಗಿದ್ದರೆ ಚಿಕ್ಕದರಿಂದಲೂ ಹೊರಗೆ. ಹೊರಗಿನ ದೊಡ್ಡ ವೃತ್ತ ವ್ಯಾಪಕ, ಒಳಗಿನದು ವ್ಯಾಪ್ಯ. ನನ್ನ ಪ್ರಕಾರ ಉತ್ತರ ಪತ್ರಿಕೆಯಲ್ಲೂ ಈ ಚಿತ್ರ ಹಾಕುವುದೇ ಒಳ್ಳೆಯದು, ಎರಡು ಪ್ಯಾರಾ ಉಳಿಯುತ್ತದೆ.

ಹೇತ್ವಾಭಾಸ, ಅಂದರೆ ಹೇತುವಿನಂತೆ ಕಂಡರೂ ದೋಷವಿರುವುದು, ಐದು. ಅದರಲ್ಲಿ ಅಸಿದ್ಧದ (ಹೇತುವೇ ಸಾಬೀತಾಗದ್ದು) ಒಳಗಿನ ಎರಡು ಬಗೆ ಜಾಸ್ತಿ ಅದಲುಬದಲಾಗುತ್ತವೆ. ಜುಲೈನಲ್ಲಿ ಗಿರಿಯ ಮೇಲೆ ಕಂಡದ್ದು ಹೊಗೆಯಲ್ಲ, ಮಂಜು ಎಂದಿಟ್ಟುಕೊಳ್ಳಿ. ವ್ಯಾಪ್ತಿ ಸರಿಯಾಗೇ ಇದೆ, ಹೇತುವೇ ಬೆಟ್ಟದಲ್ಲಿಲ್ಲ. ಇದು ಸ್ವರೂಪಾಸಿದ್ಧ. 'ಬೆಟ್ಟದಲ್ಲಿ ಹೊಗೆ ಇದೆ, ಯಾಕಂದ್ರೆ ಬೆಂಕಿ ಇದೆ' ಅಂದಾಗ ಹೇತು ಬೆಟ್ಟದಲ್ಲೇ ಇದೆ, ಕೈಕೊಟ್ಟದ್ದು ವ್ಯಾಪ್ತಿ. ಹಸಿ ಸೌದೆಯ ಉಪಾಧಿ ಇರುವುದರಿಂದ ತರ್ಕಸಂಗ್ರಹ ಎಂಬ ನ್ಯಾಯದ ಕೈಪಿಡಿಯಲ್ಲಿ ಅನ್ನಂಭಟ್ಟ ಇದನ್ನು ವ್ಯಾಪ್ಯತ್ವಾಸಿದ್ಧದಲ್ಲಿ ಇಡುತ್ತಾನೆ. ಅಂದರೆ ಮೊದಲು ಹೇತು ಪಕ್ಷದಲ್ಲಿ ಇದೆಯಾ ನೋಡಿ, ಆಮೇಲೆ ವ್ಯಾಪ್ತಿಗೆ ಕೈಹಾಕಿ.