ಸೋಂಕಿನ ನಂತರದ ಐಬಿಎಸ್: ಜೀವಿ ಹೋದರೂ ಹೊಟ್ಟೆ ಸರಿಹೋಗದಿದ್ದಾಗ

ಒಂದು ದಿನ ಭೇದಿ, ಮೂರು ದಿನ ಮಲಬದ್ಧತೆ, ಮತ್ತೆ ಭೇದಿ. ಊಟ ಮಾಡಿ ಎದ್ದರೆ ಹೊಟ್ಟೆ ಉಬ್ಬರ. ನುಲಿಯುವ ನೋವು ಬರುತ್ತದೆ, ಶೌಚಕ್ಕೆ ಹೋಗಿ ಬಂದರೆ ಸ್ವಲ್ಪ ಹಗುರ. ಹೀಗೇ ತಿಂಗಳುಗಟ್ಟಲೆ ನಡೆದ ಮೇಲೆ ವೈದ್ಯರು "ಇದು ಐಬಿಎಸ್" ಅನ್ನುತ್ತಾರೆ. ಮನೆಗೆ ಬಂದವರ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿರುತ್ತದೆ: ಹೊಟ್ಟೆಯಲ್ಲಿ ಹುಳ ಗಿಳ ಇರಬಹುದಾ? ಯಾರೂ ಸರಿಯಾಗಿ ನೋಡಲೇ ಇಲ್ಲವಾ?

ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ಇದರೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಈಗಲೂ ಕರುಳಿನಲ್ಲಿ ಯಾವುದೋ ಜೀವಿ ಇದ್ದು, ಅದರ ಕಾಟವೇ ಐಬಿಎಸ್ ಥರ ಕಾಣುತ್ತಿದೆಯಾ? ಅಥವಾ ಎಂದೋ ಬಂದ ಜೀವಿ ತಾನು ಹೋದರೂ ಕರುಳನ್ನು ಕೆಡಿಸಿಟ್ಟು ಹೋಗಿದೆಯಾ? ಎರಡನೆಯದಕ್ಕೆ ವೈದ್ಯರ ಬಳಿ ಒಂದು ಹೆಸರಿದೆ: ಪೋಸ್ಟ್ ಇನ್ಫೆಕ್ಷಿಯಸ್ ಐಬಿಎಸ್, ಅಂದರೆ ಸೋಂಕಿನ ನಂತರದ ಐಬಿಎಸ್. ಈ ಹೆಸರು ಗೊತ್ತಿಲ್ಲದೆ ಎಷ್ಟೋ ಜನ ಇಲ್ಲದ ಹುಳವನ್ನು ಕೊಲ್ಲಲು ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಐಬಿಎಸ್. ಇರಿಟಬಲ್ ಬವೆಲ್ ಸಿಂಡ್ರೋಮ್ ಎನ್ನುವುದರ ಚಿಕ್ಕ ರೂಪ ಅದು. ಇರಿಟಬಲ್ ಅಂದರೆ ಬೇಗ ಕೆರಳುವಂಥದ್ದು, ಬವೆಲ್ ಅಂದರೆ ಕರುಳು. ಸಿಂಡ್ರೋಮ್ ಅಂದರೆ ಒಟ್ಟೊಟ್ಟಿಗೆ ಕಾಣಿಸುವ ಲಕ್ಷಣಗಳ ಗುಂಪು. ಏನಾಗುತ್ತಿದೆ ಅನ್ನುವುದನ್ನು ಈ ಹೆಸರು ಹೇಳುತ್ತದೆ, ಯಾಕೆ ಅನ್ನುವುದನ್ನು ಹೇಳುವುದಿಲ್ಲ. ಐಬಿಎಸ್ ಗುರುತಿಸಲು ವೈದ್ಯರು ಬಳಸುವ 2016ರ ರೋಮ್ 4 ಮಾನದಂಡದ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ಜೊತೆಗೆ, ಆ ನೋವಿಗೂ ಮಲವಿಸರ್ಜನೆಗೂ ನಂಟಿರುವುದು, ಎಷ್ಟು ಸಲ ಹೋಗುತ್ತೀರಿ ಅನ್ನುವುದು ಬದಲಾಗಿರುವುದು, ಮಲ ಹೇಗಿದೆ ಅನ್ನುವುದು ಬದಲಾಗಿರುವುದು. ಈ ಮೂರರಲ್ಲಿ ಎರಡಾದರೂ ಬೇಕು. ತೊಂದರೆ ಶುರುವಾಗಿ ಆರು ತಿಂಗಳಾಗಿರಬೇಕು.

ಇನ್ನು ಪರಾವಲಂಬಿ. ಈ ಪದ ಕೇಳಿದ ಕೂಡಲೇ ಉದ್ದನೆಯ ಹುಳ ಕಣ್ಣ ಮುಂದೆ ಬರುತ್ತದೆ, ಅಲ್ವಾ? ದುಂಡುಹುಳು, ಲಾಡಿಹುಳು, ಕೊಕ್ಕೆಹುಳು ಎಲ್ಲವೂ ಪರಾವಲಂಬಿಗಳೇ. ಆದರೆ ಐಬಿಎಸ್ ವಿಚಾರದಲ್ಲಿ ಜಾಸ್ತಿ ಅನುಮಾನಕ್ಕೆ ಗುರಿಯಾಗುವುದು ಕಣ್ಣಿಗೆ ಕಾಣದ, ಒಂದೇ ಜೀವಕೋಶದ ಜೀವಿಗಳು. ಅವುಗಳಲ್ಲಿ ಮುಖ್ಯವಾದದ್ದು ಜಿಯಾರ್ಡಿಯಾ.

ಸೂಕ್ಷ್ಮದರ್ಶಕದ ಕೆಳಗೆ ಜಿಯಾರ್ಡಿಯಾ ನೋಡಿದವರು ಅದನ್ನು ಮರೆಯುವುದಿಲ್ಲ. ಸೀಳಿದ ಪಿಯರ್ ಹಣ್ಣಿನ ಆಕಾರ. ಅಕ್ಕಪಕ್ಕ ಎರಡು ಕೋಶಕೇಂದ್ರಗಳು, ಎರಡು ಕಣ್ಣುಗಳ ಹಾಗೆ. ಅದೇ ನಮ್ಮನ್ನು ದಿಟ್ಟಿಸಿ ನೋಡುತ್ತಿದೆಯೇನೋ ಅನ್ನಿಸುತ್ತದೆ. ಎಂಟು ಎಳೆಗಳನ್ನು ಬಡಿಯುತ್ತಾ, ಮರದಿಂದ ಬೀಳುವ ಎಲೆಯಂತೆ ಓಲಾಡಿಕೊಂಡು ಈಜುತ್ತದೆ. ಹೊಟ್ಟೆಯ ಭಾಗದಲ್ಲಿರುವ ಬಟ್ಟಲಿನಂಥ ಅಂಗದಿಂದ ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. 1681ರಲ್ಲಿ, ಸೂಕ್ಷ್ಮಜೀವಿಗಳನ್ನು ಮಸೂರದಲ್ಲಿ ನೋಡಿ ಹೆಸರಾದ ಡಚ್ ವ್ಯಕ್ತಿ ಲೇವನ್‌ಹುಕ್ ತನಗೆ ಭೇದಿಯಾದಾಗ ತನ್ನದೇ ಮಲವನ್ನು ಮಸೂರದ ಕೆಳಗಿಟ್ಟು, ಓಡಾಡುತ್ತಿದ್ದ ಪುಟ್ಟ ಜೀವಿಗಳ ಬಗ್ಗೆ ಬರೆದ. ಅವನು ಕಂಡದ್ದು ಇದನ್ನೇ ಎಂದು ನಂಬಲಾಗಿದೆ.

ಜಿಯಾರ್ಡಿಯಾದ ಲಕ್ಷಣಗಳು ಐಬಿಎಸ್‌ಗೆ ತುಂಬಾ ಹತ್ತಿರ: ಉಬ್ಬರ, ಗ್ಯಾಸು, ಸಡಿಲ ಮಲ, ನುಲಿತ. ಮಲ ಜಿಡ್ಡುಜಿಡ್ಡಾಗಿ ತೇಲುವುದು, ಕೆಟ್ಟ ವಾಸನೆ ಬರುವುದು, ತೂಕ ಇಳಿಯುವುದು ಕಂಡರೆ ಅನುಮಾನ ಹೆಚ್ಚಬೇಕು. ಈ ಜೀವಿ ಗಟ್ಟಿ ಕವಚದೊಳಗೆ ಸೇರಿಕೊಂಡು ಮಲದಲ್ಲಿ ಹೊರಬರುವ ರೂಪಕ್ಕೆ ಸಿಸ್ಟ್ ಅನ್ನುತ್ತಾರೆ. ಅಂಥ ಹತ್ತು ಸಿಸ್ಟ್‌ಗಳು ಹೊಟ್ಟೆ ಸೇರಿದರೂ ಸೋಂಕು ತಗಲಬಹುದು. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೌದು, ಪರಾವಲಂಬಿ ಐಬಿಎಸ್‌ನ ವೇಷದಲ್ಲಿ ಬರಬಹುದು. ಆಗ ಅದು ಐಬಿಎಸ್ ಅಲ್ಲ, ಔಷಧಿಯಿಂದ ವಾಸಿಯಾಗುವ ಸೋಂಕು.

ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾರ್ವೆಯ ಬರ್ಗೆನ್ ನಗರದಲ್ಲಿ. 2004ರಲ್ಲಿ ಅಲ್ಲಿ ಕುಡಿಯುವ ನೀರಿಗೆ ಜಿಯಾರ್ಡಿಯಾ ಸೇರಿಕೊಂಡಿತು. ನೀರಿಗೆ ಕ್ಲೋರಿನ್ ಹಾಕುತ್ತಿದ್ದರು. ಆದರೆ ಸಾಮಾನ್ಯ ಪ್ರಮಾಣದ ಕ್ಲೋರಿನ್‌ಗೆ ಈ ಸಿಸ್ಟ್‌ಗಳು ಜಗ್ಗುವುದಿಲ್ಲ. ಪ್ರಯೋಗಾಲಯದಲ್ಲಿ ಖಚಿತವಾದ ಪ್ರಕರಣಗಳೇ ಸಾವಿರ ದಾಟಿದವು. ಸಂಶೋಧಕರು ಆ ಜನರನ್ನು ಅಲ್ಲಿಗೇ ಬಿಡಲಿಲ್ಲ. ಮೂರು ವರ್ಷಗಳ ನಂತರ ಕೇಳಿದಾಗ, ಸೋಂಕು ತಗಲಿದ್ದವರಲ್ಲಿ ಶೇ. 46 ಜನರಿಗೆ ಐಬಿಎಸ್ ಇತ್ತು. ಸೋಂಕಿಲ್ಲದವರಲ್ಲಿ ಶೇ. 14. ಹತ್ತು ವರ್ಷ ಕಳೆದ ಮೇಲೂ ಶೇ. 43 ಮತ್ತು ಶೇ. 14. ಜೀವಿ ಬಂದು ಹೋದದ್ದು ಒಂದು ಸಲ, ಹೊಟ್ಟೆಗೆ ಅದರ ನೆನಪು ಹತ್ತು ವರ್ಷ.

ಬ್ಯಾಕ್ಟೀರಿಯಾದಿಂದಲೂ ಹೀಗಾಗುತ್ತದೆ. ಕೆನಡಾದ ವಾಕರ್ಟನ್ ಊರಿನಲ್ಲಿ 2000ದಲ್ಲಿ ನೀರು ಕಲುಷಿತವಾದಾಗ ಕಾಯಿಲೆ ಬಿದ್ದವರಲ್ಲಿ, ಎರಡು ಮೂರು ವರ್ಷದ ಹೊತ್ತಿಗೆ ಶೇ. 28 ಜನರಿಗೆ ಐಬಿಎಸ್ ಇತ್ತು. ಎಂಟು ವರ್ಷಕ್ಕೆ ಅದು ಶೇ. 15ಕ್ಕೆ ಇಳಿಯಿತು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ, ಬ್ಯಾಕ್ಟೀರಿಯಾಕ್ಕಿಂತ ಪರಾವಲಂಬಿ ಸೋಂಕಿನ ನಂತರವೇ ಐಬಿಎಸ್ ಜಾಸ್ತಿ ಉಳಿಯುತ್ತದೆ ಎಂದು ಕಂಡುಬಂತು.

ಜೀವಿ ಹೋದ ಮೇಲೂ ನೋವು ಯಾಕೆ? ಸೋಂಕು ಬಂದಾಗ ಕರುಳಿನ ರಕ್ಷಣಾ ಕೋಶಗಳು ಎಚ್ಚರಗೊಳ್ಳುತ್ತವೆ. ಶತ್ರು ಹೋದರೂ ಕೆಲವರಲ್ಲಿ ಅವು ಪೂರ್ತಿ ಶಾಂತವಾಗುವುದಿಲ್ಲ. ಅವುಗಳಲ್ಲಿ ಮಾಸ್ಟ್ ಕೋಶಗಳು ಎಂಬವು ನರಗಳ ಪಕ್ಕದಲ್ಲೇ ಕೂತು ರಾಸಾಯನಿಕಗಳನ್ನು ಸುರಿಯುತ್ತಿರುತ್ತವೆ. ಕರುಳಿನ ಒಳಪದರದ ಬಿಗಿ ಸಡಿಲವಾಗಿರುತ್ತದೆ. ಕರುಳಿನ ಚಲನೆಯನ್ನು ನಡೆಸುವ ಸಿರೊಟೋನಿನ್ ಎಂಬ ರಾಸಾಯನಿಕದ ಲೆಕ್ಕ ತಪ್ಪಿರುತ್ತದೆ. ಒಳಗಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳ ಸಮತೋಲನವೂ ಬದಲಾಗಿರುತ್ತದೆ. ಗುದನಾಳದಲ್ಲಿ ಪುಟ್ಟ ಬಲೂನು ಇಟ್ಟು ನಿಧಾನವಾಗಿ ಉಬ್ಬಿಸುವ ಪರೀಕ್ಷೆಯೊಂದಿದೆ. ಬೇರೆಯವರಿಗೆ ಏನೂ ಅನ್ನಿಸದಷ್ಟು ಉಬ್ಬಿದಾಗಲೇ ಐಬಿಎಸ್ ಇರುವ ಅನೇಕರಿಗೆ ನೋವಾಗುತ್ತದೆ. ಹಾಗಾಗಿ "ಎಲ್ಲಾ ರಿಪೋರ್ಟೂ ನಾರ್ಮಲ್, ಸುಮ್ನೆ ಮನಸ್ಸಿನ ಭ್ರಮೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೋವು ನಿಜ.

ಇಲ್ಲಿ ಎಚ್ಚರಿಕೆ ಬೇಕಾದ ಜಾಗವೂ ಇದೆ. ಬ್ಲಾಸ್ಟೊಸಿಸ್ಟಿಸ್ ಅನ್ನುವ ಒಂದೇ ಕೋಶದ ಜೀವಿ ಲೋಕದ ತುಂಬಾ ಜನರ ಕರುಳಿನಲ್ಲಿದೆ. ಯಾವ ತೊಂದರೆಯೂ ಇಲ್ಲದವರಲ್ಲೂ ಇದೆ. ಡೈಎಂಟಮೀಬಾ ಎಂಬ ಇನ್ನೊಂದು ಜೀವಿಯ ಕಥೆಯೂ ಅಷ್ಟೇ. ಡೆನ್ಮಾರ್ಕ್‌ನ ಒಂದು ಅಧ್ಯಯನದಲ್ಲಿ ಐಬಿಎಸ್ ಇರುವವರಿಗಿಂತ ಆರೋಗ್ಯವಾಗಿದ್ದವರಲ್ಲೇ ಇಂಥ ಜೀವಿಗಳು ಜಾಸ್ತಿ ಸಿಕ್ಕವು. ರಿಪೋರ್ಟಿನಲ್ಲಿ ಹೆಸರು ಬಂತೆಂದ ಮಾತ್ರಕ್ಕೆ ಅದೇ ಅಪರಾಧಿ ಅಂತಲ್ಲ. ಅಮೀಬಾ ವಿಷಯದಲ್ಲೂ ಹೀಗೇ. ಕಾಯಿಲೆ ತರುವ ಎಂಟಮೀಬಾ ಹಿಸ್ಟೊಲಿಟಿಕಾ ಮತ್ತು ನಿರುಪದ್ರವಿ ಎಂಟಮೀಬಾ ಡಿಸ್ಪಾರ್ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ. ಅವೆರಡೂ ಬೇರೆ ಬೇರೆ ಜಾತಿಯೆಂದು ಒಪ್ಪಿದ್ದೇ 1993ರಲ್ಲಿ.

ಶೌಚದಲ್ಲಿ ಹಗ್ಗದಂಥ ಬಿಳಿ ಎಳೆ ಕಂಡು ಹೆದರಿ ಫೋಟೊ ತೆಗೆದಿಟ್ಟುಕೊಳ್ಳುವವರಿದ್ದಾರೆ. ಹೆಚ್ಚಿನ ಸಲ ಅದು ಲೋಳೆ. ಐಬಿಎಸ್‌ನಲ್ಲಿ ಲೋಳೆ ಹೋಗುವುದು ಮಾಮೂಲಿ. "ಹುಳ ತೊಳೆಯುವ" ಕೆಲವು ಪುಡಿಗಳಲ್ಲಿ ನಾರು, ಜೇಡಿಮಣ್ಣು ಇರುತ್ತವೆ. ಅವೇ ನೀರು ಹೀರಿ ಎಳೆ ಎಳೆಯಾಗಿ ಹೊರಬರುತ್ತವೆ. ನೋಡಿದವರಿಗೆ ಹುಳ ಬಿತ್ತು ಅನ್ನಿಸುತ್ತದೆ.

ಪರೀಕ್ಷೆ ಮಾಡಿಸುವುದಾದರೆ ಸರಿಯಾಗಿ ಮಾಡಿಸಿ. ಸಿಸ್ಟ್‌ಗಳು ದಿನಾ ಮಲದಲ್ಲಿ ಬರುವುದಿಲ್ಲ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ನೋಡುವುದಾದರೆ ಬೇರೆ ಬೇರೆ ದಿನದ ಮೂರು ಮಾದರಿ ಕೊಡುವುದು ಒಳ್ಳೆಯದು. ಜಿಯಾರ್ಡಿಯಾದ ಪ್ರೋಟೀನು ಹುಡುಕುವ ಆಂಟಿಜೆನ್ ಪರೀಕ್ಷೆ ಅಥವಾ ಅದರ ಡಿಎನ್ಎ ಹುಡುಕುವ ಪಿಸಿಆರ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಭೇದಿ ಜಾಸ್ತಿ ಇರುವವರಿಗೆ ಇದರ ಜೊತೆ ಸೀಲಿಯಾಕ್ ಕಾಯಿಲೆಯ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ರಕ್ತಪರೀಕ್ಷೆ, ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಕೇಳಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ — ಇವುಗಳಲ್ಲಿ ಒಂದಿದ್ದರೂ ತಡ ಮಾಡದೆ ವೈದ್ಯರ ಹತ್ತಿರ ಹೋಗಿ.

ಇಷ್ಟೆಲ್ಲಾ ನೋಡಿ ಏನೂ ಸಿಗದಿದ್ದರೆ ಆ ಫಲಿತಾಂಶವನ್ನು ನಂಬಿ. ಇಂಥ ಜೀವಿಗಳನ್ನು ಕೊಲ್ಲಲು ಕೊಡುವ ಮೆಟ್ರೊನಿಡಜೋಲ್ ಮಾತ್ರೆಯನ್ನು ಮತ್ತೆ ಮತ್ತೆ ನುಂಗುವುದರಿಂದ ಬಾಯಿಯಲ್ಲಿ ಲೋಹದ ರುಚಿ, ವಾಕರಿಕೆ, ತುಂಬಾ ದಿನ ತೆಗೆದುಕೊಂಡರೆ ಕೈಕಾಲು ಜೋಮು ಬರಬಹುದು. ಒಳಗಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು. ಸೋಂಕಿನ ನಂತರದ ಐಬಿಎಸ್‌ಗೆ ಚಿಕಿತ್ಸೆ ಬೇರೆ ಐಬಿಎಸ್‌ನಂತೆಯೇ: ಆಹಾರದಲ್ಲಿ ಬದಲಾವಣೆ, ನೋವಿಗೆ, ಭೇದಿಗೆ ತಕ್ಕ ಔಷಧಿ, ಕರುಳು ಮತ್ತು ಮಿದುಳಿನ ನಂಟನ್ನು ಶಾಂತಗೊಳಿಸುವ ಚಿಕಿತ್ಸೆ. ಜಿಯಾರ್ಡಿಯಾ ಆದ ಮೇಲೆ ಕೆಲವರಿಗೆ ಸ್ವಲ್ಪ ಕಾಲ ಹಾಲು ಅರಗುವುದಿಲ್ಲ, ಅದನ್ನೂ ಗಮನಿಸಿ.

ವೈದ್ಯರ ಮುಂದೆ ಕೂತಾಗ "ಹುಳ ಇದೆಯಾ?" ಎಂದು ಕೇಳುವ ಮೊದಲು ಇದನ್ನು ಹೇಳಿ: ತೊಂದರೆ ಶುರುವಾದದ್ದು ಯಾವಾಗ, ಅದಕ್ಕೂ ಮುಂಚೆ ಜೋರಾಗಿ ವಾಂತಿ, ಭೇದಿ ಆಗಿತ್ತಾ, ಎಷ್ಟು ದಿನ ಇತ್ತು, ಆಗ ಯಾವ ಮಾತ್ರೆ ತೆಗೆದುಕೊಂಡಿದ್ದಿರಿ. "ಆ ಜ್ವರ, ಭೇದಿ ಬಂದು ಹೋದ ಮೇಲೆ ನನ್ನ ಹೊಟ್ಟೆ ಮೊದಲಿನಂತೆ ಆಗಲೇ ಇಲ್ಲ" ಎಂಬ ಒಂದು ಮಾತು ಸಾಕು, ವೈದ್ಯರಿಗೆ ಈ ಹೆಸರು ನೆನಪಾಗಲು.