ಚಂದ್ರ ಯಾಕೆ ನಮ್ಮ ಜೊತೆಗೇ ಬರುತ್ತಾನೆ? ಮಕ್ಕಳ ಪ್ರಶ್ನೆಗಳ ಕುರಿತು ಅಧ್ಯಯನ ಟಿಪ್ಪಣಿ

ಶಿಕ್ಷಣ ಮನೋವಿಜ್ಞಾನದಲ್ಲಿ 'ಕುತೂಹಲ' ಎಂಬ ಪಾಠವನ್ನು ವ್ಯಾಖ್ಯೆಯಿಂದ ಓದಲು ಹೊರಟರೆ ಅದು ತಲೆಯಲ್ಲಿ ನಿಲ್ಲುವುದಿಲ್ಲ. ನನಗಂತೂ ನಿಲ್ಲಲಿಲ್ಲ. ಹಾಗಾಗಿ ಈ ಟಿಪ್ಪಣಿಯನ್ನು ಒಂದು ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ರಾತ್ರಿ ಪ್ರಯಾಣ. ಬಸ್ಸಿನ ಕಿಟಕಿಯ ಪಕ್ಕ ಐದು ವರ್ಷದ ನನ್ನ ಅಕ್ಕನ ಮಗಳು ಕುಳಿತಿದ್ದಳು. ಹೊರಗೆ ಒಳ್ಳೆಯ ಬೆಳದಿಂಗಳು. ಬಹಳ ಹೊತ್ತು ಗಾಜಿಗೆ ಹಣೆ ಒತ್ತಿಕೊಂಡು ನೋಡುತ್ತಿದ್ದವಳು ತಿರುಗಿ ಕೇಳಿದಳು: "ಮಾಮ, ಚಂದ್ರ ಯಾಕೆ ನಮ್ಮ ಜೊತೆಗೇ ಬರುತ್ತಿದ್ದಾನೆ?"

"ಅವನು ತುಂಬಾ ದೂರದಲ್ಲಿ ಇದ್ದಾನಲ್ಲ, ಅದಕ್ಕೆ" ಎಂದೆ.

ಅವಳ ಹುಬ್ಬು ಗಂಟಿಕ್ಕಿತು. "ದೂರ ಇದ್ದರೆ ಹಿಂದೆ ಉಳಿದುಬಿಡಬೇಕಲ್ಲ?"

ನನ್ನ ಉತ್ತರ ತಪ್ಪಾಗಿರಲಿಲ್ಲ. ಆದರೆ ಅವಳಿಗೆ ಅದು ಉತ್ತರವಾಗಲಿಲ್ಲ. ಯಾಕೆಂದು ನೋಡಿ. ಅವಳ ಲೋಕದಲ್ಲಿ ದೂರ ಇರುವವರು ಎಂದರೆ ಓಟದಲ್ಲಿ ಹಿಂದೆ ಬಿದ್ದವರು. ಜೊತೆಗೆ ಬರುವವರು ಹತ್ತಿರದಲ್ಲೇ ಇರುತ್ತಾರೆ. ಅನುಭವದಿಂದ ಕಟ್ಟಿಕೊಂಡ ಈ ನಿಯಮ ಅವಳ ಬಳಿ ಮೊದಲೇ ಇತ್ತು. ಕಿಟಕಿಯಾಚೆ ಕಂಡದ್ದು ಆ ನಿಯಮಕ್ಕೆ ಹೊಂದಲಿಲ್ಲ, ಪ್ರಶ್ನೆ ಹುಟ್ಟಿತು. 'ದೂರ' ಎಂಬ ನನ್ನ ಮಾತು ಅದೇ ನಿಯಮದೊಳಗೆ ಬಿದ್ದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು.

ಈ ಪಾಠದಲ್ಲಿ ನೆನಪಿಡಬೇಕಾದದ್ದು ಒಂದೇ ಇದ್ದರೆ ಅದು ಇದು ಎಂದು ನಾನು ಭಾವಿಸುತ್ತೇನೆ: ಮಗುವಿನ ಪ್ರಶ್ನೆಯೊಳಗೆ ಅರ್ಧ ಕಟ್ಟಿದ ವಿವರಣೆಯೊಂದು ಕುಳಿತಿರುತ್ತದೆ. ಅದನ್ನು ಕೇಳಿಸಿಕೊಳ್ಳದೆ ಕೊಟ್ಟ ಉತ್ತರ ಎಷ್ಟೇ ಸರಿಯಾಗಿದ್ದರೂ ಮಗುವನ್ನು ತಲುಪುವುದಿಲ್ಲ. ಚಂದ್ರನ ಬಗ್ಗೆ ಏನೂ ಗೊತ್ತಿಲ್ಲದವರಿಗೆ, ಜೊತೆಗೆ ಬರುವುದು ಎಂದರೇನೆಂದು ಗೊತ್ತಿಲ್ಲದವರಿಗೆ, ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಪಿಯಾಜೆ ಎಣಿಸಿದ ಪ್ರಶ್ನೆಗಳು

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಅವರ ಹೆಸರು ನಮಗೆ ಮಕ್ಕಳ ಬೆಳವಣಿಗೆಯ ಹಂತಗಳ ಪಟ್ಟಿಯಿಂದ ಪರಿಚಿತ. ಆದರೆ 1923ರಲ್ಲಿ ಪ್ರಕಟವಾದ, ಮನೋವಿಜ್ಞಾನದಲ್ಲಿ ಅವರ ಮೊದಲ ಪುಸ್ತಕ ಮಕ್ಕಳ ಮಾತಿನ ಕುರಿತದ್ದು. ಆರು ವರ್ಷದ ಹುಡುಗನೊಬ್ಬ ಹತ್ತು ತಿಂಗಳಲ್ಲಿ ತಾನಾಗಿಯೇ ಕೇಳಿದ 1,125 ಪ್ರಶ್ನೆಗಳನ್ನು ಅದರಲ್ಲಿ ವರ್ಗೀಕರಿಸಲಾಗಿದೆ. ಒಂದೇ ಮಗುವಿನ ಪ್ರಶ್ನೆಗಳನ್ನು ಇಷ್ಟು ಗೌರವದಿಂದ ಬರೆದಿಟ್ಟುಕೊಂಡರಲ್ಲ ಎಂಬುದೇ ನನ್ನನ್ನು ಮೊದಲು ಸೆಳೆದದ್ದು.

ಮಗುವಿನ 'ಯಾಕೆ'ಯಲ್ಲಿ ಪಿಯಾಜೆ ಮುಖ್ಯವಾಗಿ ಮೂರು ಬಗೆಗಳನ್ನು ಗುರುತಿಸಿದರು. ಕಾರಣ ಕೇಳುವುದು ಒಂದು, ಉದ್ದೇಶ ಕೇಳುವುದು ಇನ್ನೊಂದು, ನಿಯಮಕ್ಕೆ ಸಮರ್ಥನೆ ಕೇಳುವುದು ಮತ್ತೊಂದು. 'ಎಲೆ ಯಾಕೆ ಉದುರಿತು', 'ಅಮ್ಮ ಯಾಕೆ ಹೋದಳು', 'ಈ ಅಕ್ಷರವನ್ನು ಯಾಕೆ ಹೀಗೆ ಬರೆಯಬೇಕು' ಎಂಬ ಮೂರನ್ನೂ ನಾವು ಒಂದೇ ಪದದಿಂದ ಕೇಳುತ್ತೇವೆ. ಚಿಕ್ಕ ಮಕ್ಕಳಲ್ಲಿ ಈ ಮೂರು ಬೆರೆತೇ ಇರುತ್ತವೆ. ಚಂದ್ರ ಯಾಕೆ ಬರುತ್ತಾನೆ ಎಂದು ಕೇಳುವ ಮಗು ಅವನ ಮನಸ್ಸಿನಲ್ಲಿ ಏನಿದೆ ಎಂದೂ ಕೇಳುತ್ತಿರಬಹುದು. ಕನ್ನಡವೂ ಇದಕ್ಕೆ ನೆರವಾಗುತ್ತದೆ, ನೋಡಿ: ಕಲ್ಲು ಬೀಳುತ್ತದೆ, ಚಂದ್ರ ಮಾತ್ರ ಬರುತ್ತಾನೆ. ಕ್ರಿಯಾಪದವೇ ಅವನನ್ನು ವ್ಯಕ್ತಿಯಾಗಿಸಿದೆ.

ಚಂದ್ರ ಹಿಂಬಾಲಿಸುವ ವಿಷಯವನ್ನು ಪಿಯಾಜೆ 1926ರ ಇನ್ನೊಂದು ಪುಸ್ತಕದಲ್ಲಿ ಮಕ್ಕಳ ಜೊತೆ ವಿವರವಾಗಿ ಚರ್ಚಿಸಿದ್ದಾರೆ. ಚಂದ್ರ ನಿಜವಾಗಿಯೂ ತಮ್ಮ ಹಿಂದೆ ಬರುತ್ತಾನೆ ಎಂದೇ ಅನೇಕ ಚಿಕ್ಕ ಮಕ್ಕಳು ನಂಬಿದ್ದರು. ಇಬ್ಬರು ಬೇರೆ ಬೇರೆ ದಿಕ್ಕಿಗೆ ನಡೆದರೆ ಚಂದ್ರ ಯಾರ ಜೊತೆ ಹೋಗುತ್ತಾನೆ ಎಂದು ಅವರು ಮಕ್ಕಳನ್ನು ಕೇಳುತ್ತಿದ್ದರು. ಈ ಪ್ರಶ್ನೆಯ ಸೊಗಸನ್ನು ಗಮನಿಸಿ. ಅದು ಮಗುವಿಗೆ ಉತ್ತರ ಹೇಳಿಕೊಡುವುದಿಲ್ಲ; ಮಗುವಿನ ವಿವರಣೆಯನ್ನು ಅದರ ಕೈಯಿಂದಲೇ ಪರೀಕ್ಷೆಗೆ ಒಡ್ಡಿಸುತ್ತದೆ.

ಪಿಯಾಜೆ ಮಕ್ಕಳ ಸಾಮರ್ಥ್ಯವನ್ನು ಕೆಲವು ಕಡೆ ಕಡಿಮೆ ಅಳೆದರು ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಅದನ್ನೂ ಬರೆದುಕೊಳ್ಳಿ, ಆದರೆ ಅದರಿಂದ ಈ ಪ್ರಶ್ನೆಯ ಬೆಲೆ ಕಡಿಮೆಯಾಗುವುದಿಲ್ಲ.

ಮಾತಿಗೂ ಮೊದಲು

ಪ್ರಶ್ನೆ ಮಾತಿನೊಂದಿಗೆ ಹುಟ್ಟುತ್ತದೆಯೇ? ಇಲ್ಲ. ಹುಟ್ಟಿದ ಹಬ್ಬದ ಆಸುಪಾಸಿನಲ್ಲಿ, ಒಂದು ವರ್ಷಕ್ಕೆ, ಮಗು ಬೆರಳು ತೋರಿಸಲು ಆರಂಭಿಸುತ್ತದೆ. ತೋರಿಸಿ ನಮ್ಮ ಮುಖ ನೋಡುತ್ತದೆ. ಅದರಲ್ಲಿ 'ಅದು ಬೇಕು' ಎಂಬುದಷ್ಟೇ ಇರುವುದಿಲ್ಲ, ಎಷ್ಟೋ ಸಲ 'ಅದು ಏನು' ಎಂಬುದೂ ಇರುತ್ತದೆ.

2015ರಲ್ಲಿ ಏಮಿ ಸ್ಟಾಲ್ ಮತ್ತು ಲೀಸಾ ಫೈಗನ್‌ಸನ್ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಹನ್ನೊಂದು ತಿಂಗಳ ಶಿಶುಗಳಿಗೆ ವಸ್ತುವೊಂದು ಗೋಡೆಯನ್ನು ತೂರಿ ಹೋದಂತೆ ತೋರಿಸಿದರು. ಇನ್ನು ಕೆಲವು ಶಿಶುಗಳಿಗೆ ಆಧಾರವಿಲ್ಲದೆ ಗಾಳಿಯಲ್ಲಿ ನಿಂತಂತೆ ತೋರಿಸಿದರು. ಬಳಿಕ ಆ ವಸ್ತುವನ್ನು ಶಿಶುಗಳ ಕೈಗೆ ಕೊಟ್ಟರು. ಗೋಡೆ ತೂರಿದ್ದನ್ನು ಕಂಡವು ಅದನ್ನು ಕುಟ್ಟಿ ಕುಟ್ಟಿ ನೋಡಿದವು. ಗಾಳಿಯಲ್ಲಿ ನಿಂತದ್ದನ್ನು ಕಂಡವು ಕೈಬಿಟ್ಟು ಬೀಳಿಸಿ ನೋಡಿದವು. ಒಂದು ಅಕ್ಷರವೂ ಬಾರದ ಶಿಶುಗಳು ಕೈಯಿಂದ ಕೇಳಿದ ಪ್ರಶ್ನೆಗಳು ಇವು. ಅವುಗಳಲ್ಲೂ ಅದೇ ರಚನೆ ಇದೆ: ಮೊದಲೇ ಒಂದು ನಿರೀಕ್ಷೆ, ಅದು ಮುರಿದಾಗ ಪರೀಕ್ಷೆ.

ಮಾತು ಬಂದ ಮೇಲೆ ಏನು, ಎಲ್ಲಿ, ಯಾರು ಎಂಬ ಪ್ರಶ್ನೆಗಳು ಮೊದಲು ಬರುತ್ತವೆ; ಹೇಗೆ, ಯಾಕೆ, ಯಾವಾಗ ಎಂಬವು ತಡವಾಗಿ. ಇಂಗ್ಲಿಷ್ ಮಾತನಾಡುವ ಮಕ್ಕಳ ಅಧ್ಯಯನದಲ್ಲಿ ಕಂಡ ಕ್ರಮ ಇದು. ಹೆಸರು ಹೇಳಿ ತೋರಿಸಬಹುದಾದದ್ದು ಮೊದಲು, ಸಂಬಂಧ ಕಲ್ಪಿಸಿಕೊಳ್ಳಬೇಕಾದದ್ದು ಆಮೇಲೆ.

ಗಂಟೆಗೆ ನೂರು ಪ್ರಶ್ನೆ ಯಾಕೆ?

2007ರಲ್ಲಿ ಮಿಶೆಲ್ ಶುವಿನಾರ್ಡ್ ಅವರು ನಾಲ್ಕು ಮಕ್ಕಳ ಧ್ವನಿಮುದ್ರಿತ ಸಂಭಾಷಣೆಗಳಲ್ಲಿದ್ದ ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳನ್ನು ವಿಶ್ಲೇಷಿಸಿದರು. ದೊಡ್ಡವರ ಜೊತೆ ಮಾತಿಗೆ ಕುಳಿತಾಗ ಮಕ್ಕಳು ಗಂಟೆಗೆ ಸರಾಸರಿ 107 ಪ್ರಶ್ನೆ ಕೇಳಿದ್ದರು. ಅವುಗಳಲ್ಲಿ ಹೆಚ್ಚಿನವು ಮಾಹಿತಿಗಾಗಿಯೇ ಕೇಳಿದವು.

'ಸುಮ್ಮನೆ ಗಮನ ಸೆಳೆಯಲು ಕೇಳುತ್ತಾರೆ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದಕ್ಕೆ ಉತ್ತರ ಫ್ರೇಜಿಯರ್, ಗೆಲ್ಮನ್ ಮತ್ತು ವೆಲ್ಮನ್ ಅವರ 2009ರ ಅಧ್ಯಯನದಲ್ಲಿದೆ. ಮಕ್ಕಳ 'ಯಾಕೆ', 'ಹೇಗೆ'ಗಳಿಗೆ ದೊಡ್ಡವರು ಏನು ಹೇಳಿದರು, ಆ ಬಳಿಕ ಮಗು ಏನು ಮಾಡಿತು ಎಂಬುದನ್ನು ಅವರು ನೋಡಿದರು. ವಿವರಣೆ ಸಿಕ್ಕಾಗ ಮಕ್ಕಳು ಒಪ್ಪಿಕೊಂಡರು, ಅಥವಾ ಅದರ ಮುಂದಿನ ಪ್ರಶ್ನೆಗೆ ಹೋದರು. ವಿವರಣೆಯೇ ಅಲ್ಲದ ಉತ್ತರ ಸಿಕ್ಕಾಗ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು, ಇಲ್ಲವೇ ತಾವೇ ಒಂದು ವಿವರಣೆ ಕಟ್ಟಿದರು. ಬರೀ ಗಮನ ಬೇಕಿದ್ದರೆ ಯಾವ ಉತ್ತರವಾದರೂ ಸಾಕಾಗಬೇಕಿತ್ತು. ಮಗು ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದಾಗ ಹಟ ಎನ್ನುವ ಮೊದಲು, ನಾವು ಕೊಟ್ಟದ್ದು ವಿವರಣೆಯೇ ಎಂದು ನೋಡಿಕೊಳ್ಳಬೇಕು.

ತರಗತಿಯಲ್ಲಿ ಏನಾಗುತ್ತದೆ

ಈ ಭಾಗದ ಬಗ್ಗೆ ನನಗೆ ನಿಜವಾದ ಕಳವಳವಿದೆ. ಬ್ರಿಟನ್ನಿನ ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ವರ್ಷದ 30 ಹುಡುಗಿಯರ ಮಾತನ್ನು ಮನೆಯಲ್ಲೂ ಶಿಶುಶಾಲೆಯಲ್ಲೂ ಧ್ವನಿಮುದ್ರಿಸಿಕೊಂಡರು. ಮನೆಯಲ್ಲಿ ತಾಯಿಗೆ ಗಂಟೆಗೆ ಸರಾಸರಿ 26 ಪ್ರಶ್ನೆ. ಅದೇ ಮಕ್ಕಳು ಶಿಶುಶಾಲೆಯಲ್ಲಿ ಶಿಕ್ಷಕಿಗೆ ಕೇಳಿದ್ದು ಗಂಟೆಗೆ ಎರಡು.

ಶಿಕ್ಷಕಿಯರನ್ನು ದೂರುವುದು ಸುಲಭ, ಆದರೆ ಕಾರಣ ಬೇರೆ ಕಡೆ ಇದೆ. ತಾಯಿಗೆ ಮಗುವಿನ ನಿನ್ನೆ ಗೊತ್ತು. 'ಅವತ್ತು ನೋಡಿದೆವಲ್ಲ' ಎಂದು ಮಗು ಅರ್ಧ ವಾಕ್ಯ ಹೇಳಿದರೂ ಅವಳಿಗೆ ಎಳೆ ಸಿಗುತ್ತದೆ. ಹತ್ತಾರು ಮಕ್ಕಳ ನಡುವೆ ನಿಂತ ಶಿಕ್ಷಕಿಗೆ ಅದು ಸಾಧ್ಯವಿಲ್ಲ. ಜೊತೆಗೆ ತರಗತಿಯಲ್ಲಿ ಪ್ರಶ್ನೆ ಕೇಳುವವರು ಬಹುತೇಕ ಶಿಕ್ಷಕರೇ, ಅದೂ ಉತ್ತರ ತಮಗೆ ಮೊದಲೇ ಗೊತ್ತಿರುವ ಪ್ರಶ್ನೆಗಳು.

ಇಲ್ಲಿ ಮೇರಿ ಬಡ್ ರೋ ಅವರ ಕೆಲಸವನ್ನು ಸೇರಿಸಿಕೊಳ್ಳಿ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆ ಎಂದು ಅವರು 1970ರ ದಶಕದಲ್ಲಿ ಅಳೆದು ತೋರಿಸಿದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ತಾವಾಗಿಯೇ ಮಾತನಾಡುವವರು ಹೆಚ್ಚಿದರು, ಮಕ್ಕಳ ಕಡೆಯಿಂದಲೂ ಪ್ರಶ್ನೆಗಳು ಹೆಚ್ಚು ಬಂದವು. ಒಂದು ಸಲ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ ನೋಡಿ. ಆ ಮೌನ ಎಷ್ಟು ಉದ್ದ ಎನಿಸುತ್ತದೆ ಎಂಬುದು ಆಗಲೇ ತಿಳಿಯುವುದು.

ಹೇಳಿಕೊಟ್ಟರೆ ಹುಡುಕುವುದು ನಿಲ್ಲುತ್ತದೆಯೇ? ಎಲಿಜಬೆತ್ ಬೊನಾವಿಟ್ಸ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದ ಪ್ರಯೋಗ ಇದನ್ನು ಮುಟ್ಟುತ್ತದೆ. ಒಂದು ಆಟಿಕೆಯಲ್ಲಿ ಹಲವು ಗುಟ್ಟುಗಳಿದ್ದವು. ಕೆಲವು ಮಕ್ಕಳಿಗೆ 'ಈ ಆಟಿಕೆ ಹೀಗೆ ಕೆಲಸ ಮಾಡುತ್ತದೆ' ಎಂದು ಒಂದು ಗುಟ್ಟನ್ನು ಪಾಠದಂತೆ ತೋರಿಸಿದರು. ಇನ್ನು ಕೆಲವರಿಗೆ ಅದೇ ಗುಟ್ಟು ಆಕಸ್ಮಿಕವಾಗಿ ಸಿಕ್ಕಂತೆ ಕಂಡಿತು. ಪಾಠ ಕೇಳಿದ ಮಕ್ಕಳು ಆ ಒಂದರಲ್ಲೇ ಹೆಚ್ಚು ಹೊತ್ತು ಕಳೆದರು, ಉಳಿದ ಗುಟ್ಟುಗಳನ್ನು ಕಡಿಮೆ ಕಂಡುಕೊಂಡರು. ಅವರ ತರ್ಕದಲ್ಲಿ ದೋಷವಿಲ್ಲ: ಬಲ್ಲವರು ಹೇಳಿಕೊಟ್ಟಿದ್ದಾರೆ, ಇನ್ನೂ ಏನಾದರೂ ಇದ್ದಿದ್ದರೆ ಹೇಳುತ್ತಿದ್ದರು. ಇದನ್ನು ಓದಿ 'ಕಲಿಸಲೇಬಾರದು' ಎಂಬ ತೀರ್ಮಾನಕ್ಕೆ ಹಾರುವವರಿದ್ದಾರೆ. ನಾನು ಒಪ್ಪುವುದಿಲ್ಲ. 'ಇಷ್ಟು ನನಗೆ ಸಿಕ್ಕಿದೆ, ಇನ್ನೂ ಇರಬಹುದು' ಎಂದು ಬಾಗಿಲು ತೆರೆದಿಟ್ಟು ಕಲಿಸಬಹುದು.

ಕೇಳುವುದನ್ನೂ ಕಲಿಯಬೇಕು

ಕುತೂಹಲ ಸಹಜ, ಆದರೆ ಪ್ರಶ್ನೆ ಕಟ್ಟುವುದು ಕೌಶಲ. ಇಪ್ಪತ್ತು ಪ್ರಶ್ನೆಗಳ ಆಟ ನಿಮಗೆ ಗೊತ್ತು: ಮನಸ್ಸಿನಲ್ಲಿಟ್ಟ ವಸ್ತುವನ್ನು ಹೌದು, ಅಲ್ಲ ಎಂಬ ಉತ್ತರಗಳಿಂದಲೇ ಕಂಡುಹಿಡಿಯಬೇಕು. ಮಾಶರ್ ಮತ್ತು ಹಾರ್ನ್ಸ್‌ಬಿ 1966ರಲ್ಲಿ ಗಮನಿಸಿದಂತೆ, ಆರು ವರ್ಷದವರು 'ಗರಗಸವೇ?', 'ಹಡಗೇ?' ಎಂದು ಒಂದೊಂದೇ ಹೆಸರನ್ನು ಊಹಿಸುತ್ತಾರೆ. ಹನ್ನೊಂದು ವರ್ಷದವರು 'ಅದು ಸಲಕರಣೆಯೇ?' ಎಂದು ಕೇಳಿ ಒಂದು ಗುಂಪನ್ನೇ ಬದಿಗೆ ಸರಿಸುತ್ತಾರೆ. ಆಟದಲ್ಲಿ 32 ವಸ್ತುಗಳಿದ್ದರೆ ಪ್ರತಿ ಸಲ ಅರ್ಧಕ್ಕೆ ಇಳಿಸುವ ಪ್ರಶ್ನೆಗಳು ಐದೇ ಸಾಕು. ಒಂದೊಂದನ್ನೇ ಕೇಳುತ್ತಾ ಹೋದರೆ 31ರವರೆಗೂ ಹೋಗಬಹುದು.

ಕುತೂಹಲ ಏಳುವುದಕ್ಕೆ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕೊಟ್ಟ ವಿವರಣೆ 'ಮಾಹಿತಿ ಅಂತರ': ಗೊತ್ತಿರುವುದಕ್ಕೂ ತಿಳಿಯಬೇಕೆನಿಸುವುದಕ್ಕೂ ನಡುವಿನ ಬಿರುಕು ಕಣ್ಣಿಗೆ ಬಿದ್ದಾಗ ಅದು ಕಾಡತೊಡಗುತ್ತದೆ. ಬಿರುಕು ಕಾಣಬೇಕಾದರೆ ಎರಡು ಕಡೆಯ ಗೋಡೆ ಸ್ವಲ್ಪವಾದರೂ ಇರಬೇಕಲ್ಲವೇ? ನಾನು ಮೊದಲು ಹೇಳಿದ ಅರ್ಧ ಕಟ್ಟಿದ ವಿವರಣೆಯೇ ಆ ಗೋಡೆ.

ಇದನ್ನು ನಾವು ನಮ್ಮ ಓದಿಗೂ ಬಳಸಬೇಕು. ರೋಜೆನ್‌ಬ್ಲಿಟ್ ಮತ್ತು ಕೈಲ್ 2002ರಲ್ಲಿ ದೊಡ್ಡವರನ್ನು, ಜಿಪ್‌ನಂಥ ದಿನಬಳಕೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ಎಷ್ಟು ಗೊತ್ತು ಎಂದು ಕೇಳಿದರು. ಆಮೇಲೆ ಹಂತ ಹಂತವಾಗಿ ವಿವರಿಸಲು ಹೇಳಿದರು. ವಿವರಿಸಲು ಕುಳಿತ ಮೇಲೆ ತಮ್ಮ ತಿಳಿವಳಿಕೆಗೆ ತಾವೇ ಕೊಟ್ಟುಕೊಂಡಿದ್ದ ಅಂಕ ಇಳಿಯಿತು. ಇದಕ್ಕೆ 'ವಿವರಣೆಯ ಆಳದ ಭ್ರಮೆ' ಎಂದು ಹೆಸರು. ಪುಸ್ತಕ ಮುಚ್ಚಿ, ಐದು ವರ್ಷದ ಮಗು ಎದುರಿಗೆ ಕುಳಿತಿದೆ ಎಂದುಕೊಂಡು ಒಂದು ಪರಿಕಲ್ಪನೆಯನ್ನು ವಿವರಿಸಿ, ಪ್ರತಿ ವಾಕ್ಯಕ್ಕೂ 'ಯಾಕೆ' ಎಂದು ಕೇಳಿಕೊಳ್ಳಿ. ಮೂರನೆಯ 'ಯಾಕೆ'ಯಲ್ಲಿ ಎಲ್ಲಿ ನಿಂತಿರೋ ಅಲ್ಲಿಂದ ಮತ್ತೆ ಓದಿ.

ಮತ್ತೆ ಬಸ್ಸಿಗೆ

ಆ ರಾತ್ರಿ ನಾನು ನಿಂತದ್ದು ಎರಡನೆಯ 'ಯಾಕೆ'ಯಲ್ಲೇ. 'ದೂರ' ಎಂಬ ಪದ ನನ್ನ ಬಳಿ ಇತ್ತು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಇರಲಿಲ್ಲ. ಸ್ವಲ್ಪ ಯೋಚಿಸಿ, "ರಸ್ತೆ ಪಕ್ಕದ ಮರ ನೋಡು. ಹೇಗೆ ಹೋಗುತ್ತಿದೆ?" ಎಂದೆ.

"ಜೋರಾಗಿ ಹಿಂದೆ ಓಡುತ್ತಿದೆ."

"ಅಲ್ಲಿ ದೂರದ ಗುಡ್ಡ?"

ಅವಳು ಬಹಳ ಹೊತ್ತು ನೋಡಿದಳು. "ಅದೂ ಹೋಗುತ್ತಿದೆ. ಆದರೆ ನಿಧಾನ."

ನಾನು ಮುಂದೆ ಹೇಳಲಿಲ್ಲ. ಮೂರು ಸೆಕೆಂಡಿಗಿಂತ ಬಹಳ ಹೆಚ್ಚೇ ಕಾದೆ.

"ಹಾಗಾದರೆ ಚಂದ್ರ ಗುಡ್ಡಕ್ಕಿಂತಲೂ ದೂರ" ಎಂದಳು.

ಲೆಕ್ಕ ಬೇಕೆನ್ನುವವರಿಗೆ: ಹತ್ತು ಮೀಟರ್ ದೂರದ ಮರದ ನೇರಕ್ಕೆ ಬಂದು, ಅಲ್ಲಿಂದ ನಾವು ಹತ್ತು ಮೀಟರ್ ಮುಂದೆ ಹೋದರೆ ಅದು ಕಾಣುವ ದಿಕ್ಕು 45 ಡಿಗ್ರಿ ಬದಲಾಗುತ್ತದೆ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಬಸ್ಸು ಹತ್ತು ಕಿಲೋಮೀಟರ್ ಓಡಿದರೂ ಆ ಓಟದಿಂದ ಅವನ ದಿಕ್ಕು ಬದಲಾಗುವುದು ಹೆಚ್ಚೆಂದರೆ ಅವನದೇ ಅಗಲದ ಸುಮಾರು 350ರಲ್ಲಿ ಒಂದು ಪಾಲಿನಷ್ಟು. ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಉಳಿದದ್ದೆಲ್ಲ ಹಿಂದೆ ಸರಿಯುವಾಗ ಸರಿಯದೆ ಉಳಿದದ್ದು ಜೊತೆಗೆ ಬಂದಂತೆ ಕಾಣುತ್ತದೆ.

ಅಷ್ಟರಲ್ಲಿ ಎದುರಿನಿಂದ ಇನ್ನೊಂದು ಬಸ್ಸು ದೀಪ ಚೆಲ್ಲುತ್ತಾ ದಾಟಿ ಹೋಯಿತು. ಅವಳು ಕತ್ತು ತಿರುಗಿಸಿ ಅದು ಹೋದ ಕಡೆಯೇ ನೋಡಿದಳು.

"ಮಾಮ, ಆ ಬಸ್ಸಿನಲ್ಲಿ ಇರುವವರ ಜೊತೆಗೂ ಚಂದ್ರ ಹೋಗುತ್ತಾನಾ?"

"ನಿನಗೇನು ಅನಿಸುತ್ತದೆ?" ಎಂದೆ.

"ಹೋಗಬೇಕು" ಎಂದಳು. ಮತ್ತೆ ಹಣೆಯನ್ನು ಗಾಜಿಗೆ ಒತ್ತಿಕೊಂಡು, ಬಹಳ ಹೊತ್ತಿನ ಮೇಲೆ, "ಆದರೆ ಅವರು ಆ ಕಡೆ ಹೋಗುತ್ತಿದ್ದಾರಲ್ಲ."